ದೇವರಮನೆಯ ಹಿಂದಿನ ಗೋಡೆ

ಗೋಡೆ ಒದ್ದೆಯಾಗಿದೆ ಎಂದು ಗಂಡಸರಿಗೆ ಹೇಳಬಾರದು. ಹೇಳಿದರೆ ಅವರು ಬಂದು ಅದನ್ನು ಬೆರಳ ಗೆಣ್ಣಿನಿಂದ ಕುಟ್ಟುತ್ತಾರೆ. ಕುಟ್ಟಿ, ತಲೆಯನ್ನು ಒಂದು ಕಡೆಗೆ ವಾಲಿಸಿ, ಗೋಡೆ ಏನೋ ಉತ್ತರ ಕೊಡುತ್ತದೆ ಎಂಬಂತೆ ಕೇಳಿಸಿಕೊಳ್ಳುತ್ತಾರೆ. ಆಮೇಲೆ ಒಂದು ಕಾರಣ ಹೇಳಿ, ಕಾಫಿ ಕುಡಿದು ಎದ್ದು ಹೋಗುತ್ತಾರೆ. ಚಾಮರಾಜಪೇಟೆಯ ಆ ಮನೆಯಲ್ಲಿ ನಾವಿದ್ದ ಮೊದಲ ಆರು ತಿಂಗಳಲ್ಲಿ ನಮ್ಮ ಕೋಣೆಯ ಗೋಡೆಯನ್ನು ಎಷ್ಟು ಜನ ಹೀಗೆ ಕುಟ್ಟಿ ಹೋದರೋ. ರೇಷನ್ ಸಕ್ಕರೆ ಖಾಲಿಯಾಯಿತೇ ಹೊರತು ಗೋಡೆ ಒಣಗಲಿಲ್ಲ.

ಸ್ವಾತಂತ್ರ್ಯ ಬಂದು ಮೂರೋ ನಾಲ್ಕೋ ವರ್ಷವಾಗಿತ್ತು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಸಿಗುವುದು ಹೆಣ್ಣುಮಕ್ಕಳಿಗೆ ಗಂಡು ಸಿಗುವುದಕ್ಕಿಂತ ಕಷ್ಟವಾಗಿದ್ದ ಕಾಲ. ಮಲ್ಲೇಶ್ವರದಲ್ಲಿ ಅಲೆದು, ಬಸವನಗುಡಿಯಲ್ಲಿ ಅಲೆದು, ಕೊನೆಗೆ ಶ್ರಾವಣದಲ್ಲಿ ಈ ಮನೆಗೆ ಬಂದೆವು. ಮನೆ ಎಂದರೆ ಅರ್ಧ ಮನೆ. ಮನೆಯೊಡೆಯರು ತಮ್ಮ ತಂದೆ ಕಟ್ಟಿಸಿದ ದೊಡ್ಡ ಮನೆಯ ನಡುವಿನ ಬಾಗಿಲಿಗೆ ಇಟ್ಟಿಗೆ ಇಡಿಸಿ, ದಕ್ಷಿಣದ ಅರ್ಧವನ್ನು ತಾವಿಟ್ಟುಕೊಂಡು ಉತ್ತರದ ಅರ್ಧವನ್ನು ಬಾಡಿಗೆಗೆ ಬಿಟ್ಟಿದ್ದರು. ನಾವೇ ಅವರ ಮೊದಲ ಬಾಡಿಗೆಯವರು. ಬೀದಿ ಕಡೆಗೆ ಒಂದು ಜಗಲಿ, ನಡುವೆ ಒಂದು ಕೋಣೆ, ಹಿಂದೆ ಅಡುಗೆಮನೆ. ಹಿತ್ತಿಲಿನ ಬಾವಿ ಇಬ್ಬರಿಗೂ ಸೇರಿದ್ದು. ಕೋಣೆಯ ಉತ್ತರದ ಕಿಟಕಿಯಾಚೆ ಒಂದು ಬಿಲ್ವದ ಮರ, ಅರ್ಧ ಒಣಗಿದ್ದು. ದಕ್ಷಿಣದ ಗೋಡೆಯಾಚೆ ಮನೆಯೊಡೆಯರ ದೇವರಮನೆ. ಒದ್ದೆಯಾಗುತ್ತಿದ್ದದ್ದು ಆ ದಕ್ಷಿಣದ ಗೋಡೆ.

ಮನೆಯೊಡೆಯರು ಶಿರಸ್ತೇದಾರರಾಗಿ ನಿವೃತ್ತರಾದವರು. ಕಚೇರಿಯಲ್ಲಿ ಅರ್ಜಿಗಳ ಮೇಲೆ ಬರೆಯುತ್ತಿದ್ದ ಷರಾಗಳನ್ನು ಈಗ ಬಾಯಲ್ಲಿ ಹೇಳುತ್ತಿದ್ದರು. ಮಡಿಯಲ್ಲಿ ಅವರನ್ನು ಮೀರಿಸಿದವರನ್ನು ನಾನು ಈವರೆಗೂ ಕಂಡಿಲ್ಲ. ಮಡಿಯುಟ್ಟುಕೊಂಡು ಅಷ್ಟೊಂದು ಮಾತಾಡುವವರನ್ನೂ ಕಂಡಿಲ್ಲ. ಬಾವಿಯಲ್ಲಿ ನಮಗೆ ಬೇರೆ ಹಗ್ಗ. ನನ್ನ ಗಂಡ ಆಫೀಸಿನ ಹತ್ತಿರದ ಹೋಟೆಲಿನಲ್ಲಿ ಮಸಾಲೆದೋಸೆ ತಿನ್ನುವ ಸಂಗತಿ ಅವರಿಗೆ ಹೇಗೋ ಗೊತ್ತಾಗಿ, ನಮ್ಮ ಸಂಸಾರಕ್ಕೆ ಸಂಸಾರವೇ ಮೈಲಿಗೆಯ ಪಟ್ಟಿಗೆ ಸೇರಿಹೋಗಿತ್ತು. ದಿನವೂ ಬೆಳಿಗ್ಗೆ ಅವರು ಶಿವನಿಗೆ ಅಭಿಷೇಕ ಮಾಡುತ್ತಿದ್ದರು. ರುದ್ರ ಹೇಳುವುದು ಗೋಡೆಯಾಚೆಯಿಂದ ನಮಗೆ ಕೇಳಿಸುತ್ತಿತ್ತು. ಧ್ವನಿ ಚೆನ್ನಾಗಿತ್ತು. ಅದೊಂದನ್ನು ನಾನು ಅಲ್ಲಗಳೆಯುವುದಿಲ್ಲ.

ಗೋಡೆ ಒದ್ದೆಯಾದರೆ ನನಗೇನಾಗಬೇಕಿತ್ತು? ಸುಣ್ಣ ಉದುರಿದರೆ ಗುಡಿಸಬಹುದು, ಬೂಷ್ಟು ಬಂದರೆ ಒರೆಸಬಹುದು. ಆದರೆ ನಮ್ಮ ಮಗನಿಗೆ ಆಗ ನಾಲ್ಕು ವರ್ಷ. ಆ ಮನೆಗೆ ಬರುವ ತನಕ ಅವನಿಗೆ ನೆಗಡಿ ಬಂದರೆ ಮೂರು ದಿನದಲ್ಲಿ ಹೋಗುತ್ತಿತ್ತು. ಬಂದ ಒಂದು ತಿಂಗಳಿಗೆ ಎದೆಯಲ್ಲಿ ಗೊರಗೊರ ಸದ್ದು ಶುರುವಾಯಿತು. ದಸರೆಯ ಹೊತ್ತಿಗೆ ಅವನಿಗೆ ಅಂಗಾತ ಮಲಗುವುದಕ್ಕೇ ಆಗುತ್ತಿರಲಿಲ್ಲ. ಮಲಗಿಸಿದರೆ ಉಸಿರು ಸಿಕ್ಕಿಹಾಕಿಕೊಂಡು ಎದ್ದು ಕೂರುತ್ತಿದ್ದ. ನಾನು ಗೋಡೆಗೊರಗಿ ಕೂತು, ಅವನನ್ನು ಎದೆಗೊರಗಿಸಿಕೊಂಡೇ ನಿದ್ದೆ ಮಾಡಿಸಬೇಕಿತ್ತು. ಅಡುಗೆಮನೆಯಲ್ಲಿ ಹೊಗೆ, ಜಗಲಿಯಲ್ಲಿ ಚಳಿಗಾಳಿ; ಆ ಕೋಣೆ ಬಿಟ್ಟರೆ ಅವನನ್ನು ಮಲಗಿಸಲು ಬೇರೆ ಜಾಗವಿರಲಿಲ್ಲ. ಡಾಕ್ಟರು ಬಂದು, ಮಗುವಿನ ಬೆನ್ನಿಗೆ ಕಿವಿಯಿಟ್ಟು ಕೇಳಿ, ಗೋಡೆಯನ್ನು ನೋಡಿದರು. ಕುಟ್ಟದೆ ಹೋದವರು ಅವರೊಬ್ಬರೇ.

“ಈ ಗೋಡೆ ಒಣಗಬೇಕಮ್ಮ, ಇಲ್ಲ ನೀವು ಮನೆ ಬಿಡಬೇಕು. ಚಳಿಗಾಲ ಪೂರ್ತಿ ಹೀಗೇ ಕಳೆದ್ರೆ ಈ ಎದೆ ತಡ್ಕೊಳಲ್ಲ,” ಎಂದರು.

ಬಿಟ್ಟು ಎಲ್ಲಿಗೆ ಹೋಗುವುದು? ಗೋಡೆಯನ್ನೇ ಒಣಗಿಸಬೇಕೆಂದು ನಾನು ಹಟ ಹಿಡಿದೆ.

ಮೊದಲು ಕಾರಣ ಹೇಳಿದವರು ಮನೆಯೊಡೆಯರು. ಹೊಸ್ತಿಲ ಹೊರಗೇ ನಿಂತು, ಪಂಚೆಯ ಅಂಚು ಎಲ್ಲಿಗೂ ತಾಗದಂತೆ ಎತ್ತಿ ಹಿಡಿದುಕೊಂಡು ಹೇಳಿದರು: “ನೋಡಮ್ಮ, ನೀವು ಕಿಟಕಿ ಸರಿಯಾಗಿ ತೆಗೆಯಲ್ಲ. ಮಗುವಿನ ಬಟ್ಟೆ ಒಳಗೇ ಒಣಗಿಸ್ತೀರಿ. ಗೋಡೆ ಏನು ಮಾಡತ್ತೆ ಪಾಪ? ನಾನು ಇದೇ ಮನೇಲಿ ಹುಟ್ಟಿದವನು. ಒಂದು ತೊಟ್ಟು ತೇವ ಕಂಡಿಲ್ಲ.” ಅಂದರೆ ತೇವ ನಮ್ಮ ಜೊತೆ, ನಮ್ಮ ಪಾತ್ರೆಪಡಗದ ಜೊತೆ, ಗಾಡಿಯಲ್ಲಿ ಬಂದಿಳಿದಿತ್ತು.

ಎರಡನೆಯವರು ನಮ್ಮವರು. ಸರ್ಕಾರಿ ಕಚೇರಿಯೊಂದರಲ್ಲಿ ಡ್ರಾಫ್ಟ್ಸ್‌ಮನ್. ಸೇತುವೆ, ಆಸ್ಪತ್ರೆ, ಪ್ರವಾಸಿ ಬಂಗಲೆಗಳ ನಕ್ಷೆ ಬರೆಯುವ ಮನುಷ್ಯ. ಹೆಂಚಿನ ಸಂದಿಯಿಂದ ಮಳೆನೀರು ಇಳಿಯುತ್ತಿದೆ ಎಂದು ತೀರ್ಮಾನಿಸಿ ಏಣಿ ಹತ್ತಿ ನಾಲ್ಕು ಹೆಂಚು ಬದಲಾಯಿಸಿದರು. ತೇವ ಕೆಳಗಿನಿಂದ ಮೇಲೆ ಏರುತ್ತಿದೆ, ಮೇಲಿನಿಂದ ಕೆಳಗೆ ಇಳಿಯುತ್ತಿಲ್ಲ ಎಂದು ನಾನು ಹೇಳಿದರೆ, “ನಿನಗೆ ಇದೆಲ್ಲ ಗೊತ್ತಾಗಲ್ಲ ಕಣೇ,” ಎಂದರು. ಆಮೇಲೆ ಇಡೀ ಮನೆಯ ನಕ್ಷೆಯನ್ನು ಅಳತೆ ಹಿಡಿದು ಬರೆದು, ತೇವದ ಭಾಗಕ್ಕೆ ನೀಲಿ ಬಣ್ಣ ತುಂಬಿ, ಅದೇ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು. ಹದಿನೈದು ದಿನದಲ್ಲಿ ನಕ್ಷೆಗೇ ಬೂಷ್ಟು ಹಿಡಿಯಿತು.

ಅವರು ಆಫೀಸಿನಿಂದ ಕರೆತಂದ ಓವರ್‌ಸೀಯರ್ ಇನ್ನೂ ದೊಡ್ಡ ಬುದ್ಧಿವಂತ. ಗವಿಪುರದ ಕಡೆ ಕೆರೆಯಿದೆಯಲ್ಲ, ಅದರ ನೀರು ನೆಲದೊಳಗೆ ಜಿನುಗಿಕೊಂಡು ಬರುತ್ತಿದೆಯಂತೆ. ಅಷ್ಟು ದೂರದ ನೀರು ನಡುವಿನ ಬೀದಿಗಳನ್ನೆಲ್ಲ ಬಿಟ್ಟು, ನಮ್ಮ ಬೀದಿಯ ಬೇರೆ ಮನೆಗಳನ್ನೂ ಬಿಟ್ಟು, ನಮ್ಮ ಕೋಣೆಯ ಒಂದೇ ಒಂದು ಗೋಡೆಯನ್ನು ವಿಳಾಸ ಕೇಳಿಕೊಂಡು ಹುಡುಕಿ ಬಂತು ಎಂದು ನಾನು ನಂಬಬೇಕಿತ್ತು. ಎರಡು ಲೋಟ ಕಾಫಿ ಕುಡಿದರು.

ಕೊನೆಗೆ ಮೇಸ್ತ್ರಿ. ಮನೆಯೊಡೆಯರ ಮನೆಗೆ ಹಿಂದಿನಿಂದಲೂ ಗಾರೆ ಕೆಲಸ ಮಾಡಿಕೊಂಡು ಬಂದವನು. ಬಂದ, ಕುಟ್ಟಿದ, ಹಳೆಯ ಗಾರೆ ಕೆತ್ತಿ ಹೊಸದು ಹಚ್ಚಿದ, ಸುಣ್ಣ ಬಳಿದ. ಎರಡು ವಾರ ತುಂಬುವಷ್ಟರಲ್ಲಿ ಅದು ಹಪ್ಪಳದ ಹಾಗೆ ಉಬ್ಬಿ ಉದುರಿತು.

ಇವರ ಯಾರ ಮಾತಿಗೂ ಕವಡೆ ಕಿಮ್ಮತ್ತಿಲ್ಲ ಎಂದು ಖಾತ್ರಿಯಾದ ಮೇಲೆ ನಾನೇ ಒಂದು ಕೆಲಸಕ್ಕೆ ಕೈಹಾಕಿದೆ. ದಿನವೂ ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕಿ ಬಂದು, ತೇವ ಎಲ್ಲಿಯ ತನಕ ಏರಿದೆಯೋ ಅಲ್ಲಿಗೆ ಒಲೆಯ ಇದ್ದಿಲಿನಿಂದ ಒಂದು ಗೆರೆ ಎಳೆಯುತ್ತಿದ್ದೆ. ಗೆರೆಯ ಪಕ್ಕದಲ್ಲಿ ವಾರ, ತಿಥಿ. ಗೆರೆಗಳು ಏರುತ್ತಲೇ ಇದ್ದವು. ಒಂದೊಂದು ದಿನ ಅರ್ಧ ಬೆರಳು, ಒಂದೊಂದು ದಿನ ನೂಲಿನೆಳೆಯಷ್ಟು. ಮಳೆ ನಿಂತಿತ್ತು, ಚಳಿ ಕೂತಿತ್ತು, ಗೆರೆ ಮಾತ್ರ ಏರುತ್ತಿತ್ತು. ಗೆರೆ ಎಳೆಯುವ ಬುದ್ಧಿಯಿದ್ದ ನನಗೆ ಅದನ್ನು ಓದುವ ಬುದ್ಧಿ ಇರಲಿಲ್ಲ. ಆ ಗಂಡಸರನ್ನೆಲ್ಲ ಮೂದಲಿಸಿ ಬರೆಯುತ್ತಿರುವಾಗ ಇದನ್ನೂ ಬರೆಯದಿದ್ದರೆ ನ್ಯಾಯವಾಗುವುದಿಲ್ಲ.

ಇನ್ನೊಂದು ಸಂಗತಿ. ಆ ಗೋಡೆಯ ಬುಡದಲ್ಲಿ ಕೆಂಪಿರುವೆ ಸಾಲು ಹಿಡಿಯುತ್ತಿತ್ತು. ಮಗ ಬೆಲ್ಲ ತಿಂದು ಚೆಲ್ಲಿದ್ದಾನೆಂದು ಬೈಯುತ್ತಿದ್ದೆ. ಒಂದು ದಿನ ಇರುವೆ ಹಾಸಿಗೆಗೇ ಬಂದಾಗ ಸಿಟ್ಟು ನೆತ್ತಿಗೇರಿ ಅವನ ಬೆನ್ನಿಗೆ ಒಂದು ಏಟು ಕೊಟ್ಟೆ. “ನಾನು ತಿಂದಿಲ್ಲಮ್ಮ,” ಎಂದ. ಅಷ್ಟು ಹೇಳುವುದಕ್ಕೆ ಅವನು ಮೂರು ಸಲ ಉಸಿರು ಎಳೆದುಕೊಂಡ.

ಮನೆಯೊಡೆಯರ ಹೆಂಡತಿಯನ್ನು ನಾನು ದೊಡ್ಡಮ್ಮ ಎಂದು ಕರೆಯುತ್ತಿದ್ದೆ. ಸಣ್ಣ ದೇಹ, ಸಣ್ಣ ಧ್ವನಿ. ದಿನವೂ ಪೂಜೆ ಮುಗಿದ ಮೇಲೆ ಪಂಚಪಾತ್ರೆಯಲ್ಲಿ ಅಭಿಷೇಕದ ತೀರ್ಥ ತಂದು ನಮ್ಮ ಕೋಣೆಯ ಹೊಸ್ತಿಲ ಹೊರಗೆ ನಿಲ್ಲುತ್ತಿದ್ದರು. ಮಡಿಯಲ್ಲಿರುವುದರಿಂದ ಒಳಗೆ ಬರುತ್ತಿರಲಿಲ್ಲ. ನಾನು ಮಗುವನ್ನು ಎತ್ತಿಕೊಂಡು ಹೋದರೆ, ತಾಗದ ಹಾಗೆ ಮೇಲಿನಿಂದ ಒಂದು ಉದ್ಧರಣೆ ತೀರ್ಥ ಅವನ ಬಾಯಿಗೆ ಬಿಡುತ್ತಿದ್ದರು. ಅವರು ಗೋಡೆಯ ಬಗ್ಗೆ ಏನೂ ಹೇಳಲಿಲ್ಲ. ಕಾರ್ತಿಕದ ಕೊನೆಯ ಸೋಮವಾರ ಮಗುವಿನ ಎದೆ ಎಳೆಯುವುದನ್ನು ನೋಡಿ ಒಂದೇ ಮಾತು ಹೇಳಿದರು: “ಒಂದು ಮಂಡಲ ಅಭಿಷೇಕಕ್ಕೆ ಹರಕೆ ಹೊತ್ಕೋಬಾರದೇನೇ?”

ಹೊತ್ತುಕೊಂಡೆ. ನಲವತ್ತೆಂಟು ದಿನ, ದಿನಕ್ಕೆ ಹನ್ನೊಂದು ಕೊಡ ನೀರು, ಪಂಚಾಮೃತ. ಹರಕೆ ನಮ್ಮದಾದ್ದರಿಂದ ನೀರನ್ನು ನಾನೇ ತರಬೇಕೆಂದು ಮನೆಯೊಡೆಯರು ವಿಧಿಸಿದರು. ಚಳಿಯಲ್ಲಿ ತಣ್ಣೀರು ಹೊಯ್ದುಕೊಂಡು, ಒದ್ದೆ ಸೀರೆಯಲ್ಲೇ ಬಾವಿ ಸೇದಿ, ಒಂದೊಂದೇ ಕೊಡ ಹೊತ್ತು ದೇವರಮನೆಯ ಹೊಸ್ತಿಲ ಬಳಿ ಇಡುತ್ತಿದ್ದೆ. ಒಳಗೆ ಕಾಲಿಡುವ ಹಾಗಿರಲಿಲ್ಲ. ಕಣ್ಣೆತ್ತಿ ನೋಡುವ ಧೈರ್ಯವೂ ಇರಲಿಲ್ಲ. ಇಟ್ಟು, ಬಗ್ಗಿ ನೆಲಕ್ಕೆ ಹಣೆ ಹಚ್ಚಿ ಬರುತ್ತಿದ್ದೆ. ನನ್ನ ತವರಿನಲ್ಲಿ ಅಭಿಷೇಕವನ್ನು ತಾಮ್ರದ ತಟ್ಟೆಯಲ್ಲಿ ಮಾಡಿ, ನೀರನ್ನು ಗಿಡಕ್ಕೆ ಹಾಕುತ್ತಿದ್ದರು. ಇಲ್ಲಿಯೂ ಹಾಗೇ ಇರಬೇಕೆಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ಏನೂ ಅಂದುಕೊಂಡಿರಲಿಲ್ಲ. ನನ್ನ ಕಣ್ಣೆಲ್ಲ ಮಗುವಿನ ಎದೆಯ ಮೇಲಿತ್ತು.

ಆ ನಲವತ್ತೆಂಟು ದಿನದಲ್ಲಿ ಗೆರೆಗಳು ನನ್ನ ಸೊಂಟದಿಂದ ಕತ್ತಿನ ಮಟ್ಟಕ್ಕೆ ಏರಿದವು. ಮಗ ಎಲುಬಿನ ಗೂಡಾದ. ಒಂದು ದಿನ ಬೆಳಿಗ್ಗೆ ಅವನ ತುಟಿ ನೀಲಿಯಾಗಿ, ಜಟಕಾ ಹಿಡಿದು ಆಸ್ಪತ್ರೆಗೆ ಓಡಿದೆವು. ಆ ದಿನವೂ ನಾನು ಹನ್ನೊಂದು ಕೊಡ ಹೊತ್ತಿಟ್ಟೇ ಹೋಗಿದ್ದೆ, ಹರಕೆ ತಪ್ಪಬಾರದಲ್ಲ.

ಮಂಡಲ ಮುಗಿದ ಮರುವಾರ ಮನೆಯೊಡೆಯರು ಕಾಶಿಗೆ ಹೊರಟರು. ಶಿವಲಿಂಗವನ್ನು ಸಂಪುಟದಲ್ಲಿಟ್ಟು ಜೊತೆಗೇ ತೆಗೆದುಕೊಂಡು ಹೋದರು. ದೊಡ್ಡಮ್ಮ ಮನೆಯಲ್ಲೇ ಉಳಿದರು. ದೇವರಿಲ್ಲದ ದೇವರಮನೆಗೆ ಬೀಗ. ಹತ್ತು ದಿನ ಕಳೆಯುವಷ್ಟರಲ್ಲಿ ಗೆರೆ ಒಂದು ಗೇಣು ಇಳಿಯಿತು. ಮೂರು ವಾರಕ್ಕೆ ಸೊಂಟಕ್ಕಿಂತ ಕೆಳಗೆ. ಇರುವೆ ಮಾಯವಾಯಿತು. ಒಂದು ತಿಂಗಳಿಗೆ ಗೋಡೆ ಬೆಳ್ಳಗೆ ಪುಡಿಪುಡಿಯಾಗಿ ಒಣಗುತ್ತ ಬಂತು, ಮಗ ಎರಡು ದಿಂಬಿಗೆ ಒರಗಿ ತಾನೇ ಮಲಗತೊಡಗಿದ. ನಮ್ಮವರು ತಮ್ಮ ಹೆಂಚಿನ ಕೆಲಸ ಈಗ ಫಲ ಕೊಡುತ್ತಿದೆ ಎಂದರು. ನಾನು ಹರಕೆ ಫಲಿಸಿತು ಎಂದೆ. ಇಬ್ಬರಲ್ಲಿ ಯಾರು ಹೆಚ್ಚು ಬೆಪ್ಪು ಎಂದು ಇವತ್ತಿಗೂ ನನಗೆ ತೀರ್ಮಾನವಾಗಿಲ್ಲ.

ಬೆಪ್ಪುತನಕ್ಕೆ ಮುಕುಟ ಇಟ್ಟದ್ದು ನಾನೇ. ಶಿವರಾತ್ರಿಗೆ ಮೊದಲು ಮನೆಯೊಡೆಯರು ಗಂಗಾಜಲದ ತಂಬಿಗೆಗಳ ಸಮೇತ ಬಂದಿಳಿದಾಗ, ಮಗು ಗುಣವಾದ ಸಂತೋಷಕ್ಕೆ ಇನ್ನೊಂದು ದೊಡ್ಡ ಅಭಿಷೇಕವಾಗಲಿ ಎಂದು ನಾನಾಗಿಯೇ ಹೋಗಿ ಕೇಳಿಕೊಂಡೆ. ಅವರು ತುಂಬ ಪ್ರಸನ್ನರಾದರು. ನಾನು ಮತ್ತೆ ಕೊಡ ಹೊತ್ತೆ. ಹಿಂದೆಯೇ ಶಿವರಾತ್ರಿಯ ಅಭಿಷೇಕವೂ ಆಯಿತು.

ಅದಾದ ಮೂರನೆಯ ಬೆಳಿಗ್ಗೆ ಮಗ ಎದ್ದು ಕೂತು ಉಸಿರಿಗಾಗಿ ಬಾಯಿ ತೆರೆದಿದ್ದ. ಗೋಡೆಯ ಮೇಲೆ ತೇವ ಮೊಣಕಾಲು ದಾಟಿತ್ತು. ಬುಡದಲ್ಲಿ ಇರುವೆ. ನನಗೆ ಏನಾಯಿತೋ ಗೊತ್ತಿಲ್ಲ, ದೋಸೆ ಮಗುಚುವ ಕೈ ತಂದು ಆ ಗಾರೆಯನ್ನು ಬುಡದಿಂದ ಕೆರೆದೆ. ಗಾರೆ ಹಿಟ್ಟಿನ ಹಾಗೆ ಬಿತ್ತು. ಒಳಗಿನ ಮಣ್ಣು ಕೈಗೆ ಅಂಟಿತು. ಮೂಸಿದೆ. ಗಂಧ, ವಿಭೂತಿ, ಹುಳಿತ ಹಾಲು.

ಕೈಯಲ್ಲಿ ಮಣ್ಣು ಹಿಡಿದುಕೊಂಡೇ ಹಳೆಯ ಗೆರೆಗಳನ್ನು ಒಂದೊಂದಾಗಿ ಓದಿದೆ. ಅರ್ಧ ಬೆರಳು ಏರಿದ ಗೆರೆಗಳ ಪಕ್ಕದಲ್ಲೆಲ್ಲ ಮಂಗಳವಾರ ಎಂದು ನನ್ನ ಕೈಯಕ್ಷರದಲ್ಲೇ ಬರೆದಿತ್ತು. ಸೋಮವಾರ ದೊಡ್ಡ ಅಭಿಷೇಕ. ಮಂಡಲದ ದಿನಗಳಲ್ಲಿ ಎಲ್ಲ ಗೆರೆಗಳೂ ಅರ್ಧ ಬೆರಳಿನವೇ.

ಮನೆಯೊಡೆಯರು ತರಗುಪೇಟೆಗೆ ಹೋಗಿದ್ದ ಹೊತ್ತು ನೋಡಿ ದೊಡ್ಡಮ್ಮನ ಹತ್ತಿರ ಹೋದೆ. “ದೊಡ್ಡಮ್ಮ, ಅಭಿಷೇಕದ ನೀರು ಎಲ್ಲಿಗೆ ಹೋಗತ್ತೆ?” ಎಂದು ಕೇಳಿದೆ.

ಅವರು ದೇವರಮನೆಯ ಬಾಗಿಲು ತೆಗೆದು ಹೊಸ್ತಿಲಿನಿಂದಲೇ ತೋರಿಸಿದರು. ಮೂಲೆಯಲ್ಲಿ ಕಲ್ಲಿನ ಪೀಠ. ಅದರ ಮೂತಿಯ ಕೆಳಗೆ, ಗೋಡೆಯ ಬುಡದಲ್ಲಿ, ಮುಷ್ಟಿಯಷ್ಟು ತೂತು.

“ಶಿವನ ನೀರು ಉತ್ತರಕ್ಕೇ ಹರೀಬೇಕು ಕಣೇ. ನಮ್ಮ ಮಾವನವರು ನಿಮ್ಮ ಕೋಣೆ ಚಪ್ಪಡಿ ಕೆಳಗೆ ಕಲ್ಲಿನ ಕಾಲುವೆ ಮಾಡಿಸಿದ್ರು. ಬಿಲ್ವದ ಮರದ ಬುಡಕ್ಕೆ ಹೋಗ್ತಿತ್ತು. ಆಗ ಅದು ಮಡಿ ಸಾಮಾನಿಡೋ ಕೋಣೆ, ಯಾರೂ ಓಡಾಡ್ತಿರ್ಲಿಲ್ಲ. ಬಾಡಿಗೆಗೆ ಕೊಡೋ ಮುಂಚೆ ಇವರು ಗೋಡೆಯಾಚೆ ನಿಮ್ಮ ಕಡೆ ಕಾಲುವೆ ಬಾಯಿಗೆ ಸಿಮೆಂಟು ಹಾಕಿಸಿಬಿಟ್ರು.”

“ಯಾಕೆ?”

ದೊಡ್ಡಮ್ಮ ಧ್ವನಿ ತಗ್ಗಿಸಿದರು. “ಬಾಡಿಗೆಯವರು ಓಡಾಡೋ ಜಾಗ ಅಲ್ವೇನೇ. ತೀರ್ಥ ತುಳಿದ ಹಾಗಾಗತ್ತೆ ಅಂತ.”

“ಮತ್ತೆ ಈಗ ನೀರು ಎಲ್ಲಿಗೆ ಹೋಗತ್ತೆ ದೊಡ್ಡಮ್ಮ?”

“ಹೋಗತ್ತೆ ಎಲ್ಲಾದ್ರೂ,” ಎಂದವರ ಕಣ್ಣು ಆ ತೂತಿನಿಂದ ನಮ್ಮ ಕೋಣೆಯ ಕಡೆಯ ಗೋಡೆಗೆ ಹೋಯಿತು.

ನನ್ನ ಕೈ ತಂದ ನೀರು ಅವರ ದೇವರ ತಲೆಗೆ ಆಗುತ್ತಿತ್ತು. ಅದೇ ನೀರು ನನ್ನ ಕಾಲ ಕೆಳಗೆ ಹರಿಯಬಾರದಾಗಿತ್ತು. ಅದಕ್ಕಾಗಿ ಅದನ್ನು ನನ್ನ ಮಗನ ತಲೆದಿಂಬಿನ ಪಕ್ಕದ ಗೋಡೆಯಲ್ಲಿ ತುಂಬಿಸಿಟ್ಟಿದ್ದರು. ಆ ಮನುಷ್ಯನ ಬಗ್ಗೆ ನನಗೆ ಅವತ್ತು ಹುಟ್ಟಿದ ತಿರಸ್ಕಾರ ಈ ವಯಸ್ಸಿನಲ್ಲೂ ಎಳ್ಳಷ್ಟೂ ಕಡಿಮೆಯಾಗಿಲ್ಲ. ಆದರೆ ಅವರು ಸಿಮೆಂಟು ಹಾಕಿಸಿದರು, ಅಷ್ಟೆ. ಒಂದು ಮಂಡಲ ಪೂರ್ತಿ, ಒದ್ದೆ ಸೀರೆಯಲ್ಲಿ ನಡುಗುತ್ತ, ಕೊಡಕೊಡವಾಗಿ ನೀರು ಹೊತ್ತು ಸುರಿದವಳು ನಾನು. ಒಂದು ಸಲ ಕತ್ತೆತ್ತಿ ನೋಡಿದ್ದರೆ ಆ ತೂತು ಕಾಣುತ್ತಿತ್ತು. ನೆಲಕ್ಕೆ ಹಣೆ ಹಚ್ಚಿದವಳಿಗೆ ನೆಲದ ಮಟ್ಟದಲ್ಲಿದ್ದದ್ದು ಕಾಣಲಿಲ್ಲ. ನನ್ನ ಮೇಲೆ ನನಗೆ ಆದ ಹೇಸಿಗೆಯ ಮುಂದೆ ಅವರ ಮೇಲಿನ ಸಿಟ್ಟು ಏನೂ ಅಲ್ಲ.

ನಮ್ಮವರಿಗೆ ಹೇಳಿದೆ. “ನಿಧಾನವಾಗಿ ಮಾತಾಡೋಣ ಕಣೇ, ಹಿರಿಯರು,” ಎಂದರು. ಮರುದಿನ ನಾನೇ ಹೋಗಿ ಮಾತಾಡಿದೆ. ಕಾಲುವೆ ಬಿಡಿಸಿಕೊಡಿ, ಇಲ್ಲದಿದ್ದರೆ ತೂತಿನ ಬಾಯಿಗೆ ಒಂದು ಪಾತ್ರೆ ಇಟ್ಟು ನೀರು ಹಿಡಿಯಿರಿ ಎಂದೆ.

ಮನೆಯೊಡೆಯರು ನಕ್ಕರು. “ತೀರ್ಥದಿಂದ ಮಗೂಗೆ ಕೆಟ್ಟದಾಗತ್ತೇನಮ್ಮ? ಏನು ಮಾತಾಡ್ತಿದೀರಿ ನೀವು? ಓದಿದವರ ಮನೆ ಹೆಣ್ಣುಮಗಳು!”

“ನೀರು ಯಾವುದಾದ್ರೂ ಗೋಡೆ ನೆನೆಯತ್ತೆ,” ಎಂದೆ.

“ಹರಿಯೋ ತೀರ್ಥಾನ ಪಾತ್ರೇಲಿ ತಡೀಬಾರದು. ನಮ್ಮಲ್ಲಿ ಆ ಪದ್ಧತಿ ಇಲ್ಲ.”

“ಸಿಮೆಂಟು ಹಾಕಿ ತಡೆದಿದೀರಲ್ಲ?”

ಅವರ ಮುಖ ಗಂಟಾಯಿತು. “ನಿಮ್ಮ ಮನೆಯವರನ್ನ ಕಳಿಸಿ. ಹೆಂಗಸರ ಹತ್ತಿರ ನಾನು ಶಾಸ್ತ್ರ ಮಾತಾಡಲ್ಲ. ಒಗ್ಗದಿದ್ರೆ ಬೇರೆ ಮನೆ ನೋಡ್ಕೊಳಿ,” ಎಂದು ಎದ್ದು ಒಳಗೆ ಹೋದರು.

ಮೇಸ್ತ್ರಿಯ ಮನೆಗೆ ಹೋದೆ. ನಮ್ಮ ಕೋಣೆಯ ಕೆಳಗೆ ಕಾಲುವೆ ಇರುವುದು ಗೊತ್ತೇ ಎಂದು ಕೇಳಿದೆ.

“ಗೊತ್ತು ತಾಯಿ. ಅದನ್ನ ಮುಚ್ಚಿದ್ದೇ ನಾನು.”

“ಗೋಡೆ ನೋಡೋಕೆ ಬಂದಾಗ ಬಾಯಿಗೆ ಬೀಗ ಹಾಕ್ಕೊಂಡಿದ್ದೆಯಾ?”

“ಗಾರೆ ಹಚ್ಚು ಅಂದ್ರಿ, ಹಚ್ಚಿದೆ. ನೀರು ಎಲ್ಲಿಂದ ಬರತ್ತೆ ಅಂತ ನನ್ನನ್ನ ಯಾರು ಕೇಳಿದ್ರು ತಾಯಿ?”

ನಿಜ, ಕೇಳಿರಲಿಲ್ಲ. ಅಷ್ಟೊಂದು ಕಾಫಿ ಕುಡಿದವರಲ್ಲಿ ಅವನೊಬ್ಬನಿಗೇ ನಾನು ಕಾಫಿ ಕೊಟ್ಟಿರಲಿಲ್ಲ ಎಂಬುದೂ ಆಗಲೇ ನೆನಪಾಯಿತು. ಮುಚ್ಚಿದ್ದನ್ನು ನೀನೇ ಬಿಡಿಸಿಕೊಡು ಎಂದು ಕೇಳಿದೆ, ಒಪ್ಪಿದ.

ತಿಂಗಳ ಮೊದಲ ದಿನ ಮನೆಯೊಡೆಯರು ಪೆನ್ಷನ್ ತರಲು ಖಜಾನೆಗೆ ಹೋಗುತ್ತಿದ್ದರು. ಹೋದರೆ ಹಳೆಯ ಸ್ನೇಹಿತರ ಜೊತೆ ಮಾತಾಡಿಕೊಂಡು ಬರುವುದು ಮಧ್ಯಾಹ್ನವೇ. ಆ ದಿನ ಅವರು ಬೀದಿಯ ತಿರುವು ದಾಟುತ್ತಲೇ ಮೇಸ್ತ್ರಿ ನಮ್ಮ ಅಡುಗೆಮನೆಯ ಬಾಗಿಲಿನಿಂದ ಒಳಗೆ ಬಂದ. ನಮ್ಮವರು ರಜೆ ಹಾಕಿದ್ದರು. ಅವರ ನೌಕರಿಯ ಜೀವನದಲ್ಲಿ ಮಾಡಿದ ಒಂದೇ ಸಾಹಸ ಅದು. ಆದರೆ ಮಾಡಿದರು, ಅಂಗಿ ಬಿಚ್ಚಿಟ್ಟು, ಹಾರೆ ಹಿಡಿದು, ಚಪ್ಪಡಿ ಎತ್ತಿದರು. ಅಂಗೈ ಬೊಬ್ಬೆ ಬಂದು ಒಂದು ವಾರ ಪೆನ್ಸಿಲ್ ಹಿಡಿಯಲಾಗಲಿಲ್ಲ. ಅವರಿಗೆ ನಾನು ಅದೊಂದು ದಿನಕ್ಕಾಗಿ ಬಹಳಷ್ಟು ಮನ್ನಿಸಿದ್ದೇನೆ.

ಚಪ್ಪಡಿಯ ಕೆಳಗೆ ಕಾಲುವೆ ಇತ್ತು, ಹಿರಿಯರು ಎಷ್ಟು ಅಚ್ಚುಕಟ್ಟಾಗಿ ಮಾಡಿಸಿದ್ದರೆಂದರೆ ನಮ್ಮವರು ಎರಡು ನಿಮಿಷ ಸುಮ್ಮನೆ ನೋಡುತ್ತ ಕೂತರು. ಗೋಡೆಯ ಪಕ್ಕದಲ್ಲೇ ಸಿಮೆಂಟಿನ ಮುದ್ದೆ. ಮೇಸ್ತ್ರಿ ಉಳಿಯಿಟ್ಟು ಹೊಡೆಯುತ್ತಿದ್ದಾಗ ಹೊಸ್ತಿಲಲ್ಲಿ ನೆರಳು ಬಿತ್ತು. ದೊಡ್ಡಮ್ಮ. ನಾವು ಮೂವರೂ ಕೈ ನಿಲ್ಲಿಸಿದೆವು. ಅವರು ಕಾಲುವೆ ನೋಡಿದರು, ಅಡುಗೆಮನೆಯಲ್ಲಿ ಗೋಡೆಗೊರಗಿ ಕೂತು ಉಸಿರು ಎಳೆಯುತ್ತಿದ್ದ ಮಗುವನ್ನು ನೋಡಿದರು.

“ಅವರು ಬರೋದು ಎರಡು ಗಂಟೆಗೆ,” ಎಂದು ಹೇಳಿ ಹೊರಟುಹೋದರು.

ಮುದ್ದೆ ಒಡೆದಾಗ ಹೊರಬಂದದ್ದನ್ನು ವರ್ಣಿಸುವುದಿಲ್ಲ. ಕೊಳೆತ ಬಿಲ್ವಪತ್ರೆ, ಕಪ್ಪಾದ ಹೂವು, ಲೋಳೆ, ಅದರ ಹಿಂದೆಯೇ ತಡೆದಿಟ್ಟ ನೀರು. ಅರ್ಧ ವರ್ಷದ ಭಕ್ತಿಯೆಲ್ಲ ಅಲ್ಲಿತ್ತು, ನಾರುತ್ತಿತ್ತು. ಅದನ್ನೆಲ್ಲ ಬಾಚಿ ತೆಗೆದು, ಬಾವಿಯ ನೀರು ಬಿಟ್ಟು ಕಾಲುವೆಯನ್ನು ಮರದ ಬುಡದ ತನಕ ತೊಳೆದು, ಚಪ್ಪಡಿ ಮುಚ್ಚಿ ಸಂದಿಗೆ ಹೊಸ ಗಾರೆ ತುಂಬಿದರು. ಒಂದೂವರೆಗೆ ಕೆಲಸ ಮುಗಿಯಿತು. ಮೇಸ್ತ್ರಿಗೆ ನಾನು ಕಾಫಿ ಕೊಟ್ಟೆ.

ಮನೆಯೊಡೆಯರಿಗೆ ಕೊನೆಯ ತನಕ ಇದು ತಿಳಿಯಲಿಲ್ಲ. ತಮ್ಮ ತೀರ್ಥ ಎಲ್ಲಿಗೆ ಹೋಗುತ್ತದೆ ಎಂದು ಮೊದಲೂ ಅವರು ನೋಡಿದವರಲ್ಲ. ಯುಗಾದಿ ಕಳೆದ ಮೇಲೆ ಬಿಲ್ವದ ಮರ ಬುಡದಿಂದ ತುದಿಯ ತನಕ ಚಿಗುರಿತು. ತಾವು ಕಾಶಿಯಿಂದ ತಂದ ಪುಣ್ಯದ ಫಲ ಎಂದು ಬಂದವರಿಗೆಲ್ಲ ಮರವನ್ನು ತೋರಿಸುತ್ತಿದ್ದರು. ಬಾಡಿಗೆಯವರ ಮಗುವಿನ ಗೂರಲು ಬಿಟ್ಟದ್ದೂ ತಾವು ಮಾಡಿದ ಮಂಡಲದ ಅಭಿಷೇಕದಿಂದಲೇ ಎನ್ನುತ್ತಿದ್ದರು. ನಾನು ಬಾವಿಕಟ್ಟೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಅಂಥವರಿಗೆ ಉತ್ತರ ಕೊಟ್ಟು ಬಾಯಿ ನೋಯಿಸಿಕೊಳ್ಳುವಷ್ಟು ಗೌರವ ನನ್ನಲ್ಲಿ ಅವರ ಬಗ್ಗೆ ಉಳಿದಿರಲಿಲ್ಲ.

ವೈಶಾಖದ ಒಂದು ಸೋಮವಾರ. ಗೋಡೆ ಪೂರ್ತಿ ಒಣಗಿತ್ತು. ಗೆರೆಗಳಷ್ಟೇ ಉಳಿದಿದ್ದವು, ಅಳಿಸಲು ನನಗೆ ಮನಸ್ಸು ಬಂದಿರಲಿಲ್ಲ. ಆಚೆ ರುದ್ರ ನಡೆಯುತ್ತಿತ್ತು. ಮಗ ತಿಂಡಿ ತಿಂದು, ನೆಲದ ಮೇಲೆ ಬುಗುರಿ ಆಡುತ್ತ ಆಡುತ್ತ ಅಲ್ಲೇ ನಿದ್ದೆ ಹೋಗಿದ್ದ. ಅಂಗಾತ, ದಿಂಬಿಲ್ಲದೆ, ಕೈಕಾಲು ಚಾಚಿಕೊಂಡು. ನಾನು ಪಕ್ಕದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದೆ. ಚಪ್ಪಡಿಯ ಕೆಳಗೆ ನೀರು ಹರಿಯುವ ಸಣ್ಣ ಸದ್ದು ಕೇಳಿಸುತ್ತಿತ್ತು.

ಪೂಜೆ ಮುಗಿದು ಸ್ವಲ್ಪ ಹೊತ್ತಿಗೆ ದೊಡ್ಡಮ್ಮ ಪಂಚಪಾತ್ರೆ ಹಿಡಿದುಕೊಂಡು ಬಂದು ಹೊಸ್ತಿಲ ಹೊರಗೆ ನಿಂತರು. ನಾನು ಎಂದಿನಂತೆ ಎದ್ದು ಮಗುವನ್ನು ಎತ್ತಿಕೊಳ್ಳಬೇಕಿತ್ತು. ಏಳಲಿಲ್ಲ. ಇಷ್ಟು ತಿಂಗಳ ಮೇಲೆ ಅಂಗಾತ ಮಲಗಿದ ಮಗುವನ್ನು ಯಾವ ತೀರ್ಥಕ್ಕೂ ನಾನು ಎಬ್ಬಿಸುವವಳಲ್ಲ. ಅವರು ಕಾದರು. ಕೆಳಗಿನ ನೀರಿನ ಸದ್ದು ಅವರಿಗೂ ಕೇಳಿಸಿರಬೇಕು, ಕಣ್ಣು ನೆಲದ ಮೇಲೆ ಹೊಸ ಗಾರೆಯ ಸಾಲಿನ ಗುಂಟ ಹೋಯಿತು. ಆ ಸಾಲು ಅವರಿಗೂ ಮಗುವಿಗೂ ನಡುವೆ ಇತ್ತು.

ದೊಡ್ಡಮ್ಮ ಪಂಚಪಾತ್ರೆಯನ್ನು ಹೊಸ್ತಿಲ ಮೇಲೆ ಇಟ್ಟರು. ಸೀರೆಯ ನೆರಿಗೆ ಸ್ವಲ್ಪ ಎತ್ತಿ ಹಿಡಿದು, ಒಳಗೆ ಬಂದು, ಕಾಲುವೆಯ ಚಪ್ಪಡಿಯ ಮೇಲೆ ಕಾಲಿಟ್ಟು ದಾಟಿದರು. ಮಡಿಯಲ್ಲೇ ಕುಕ್ಕರಗಾಲಲ್ಲಿ ಕೂತು, ಮಗುವಿನ ಎದೆಯ ಮೇಲೆ ಅಂಗೈ ಇಟ್ಟು, ಬಹಳ ಹೊತ್ತು ಹಾಗೇ ಇದ್ದರು.

“ಸದ್ದೇ ಇಲ್ಲ ಕಣೇ ಎದೇಲಿ,” ಎಂದರು.